ನಾಳೆ ಒಂಬತ್ತೂವರೆಗೆ ನನ್ನ ಸಿಸೇರಿಯನ್: ಬ್ಯಾಗು, ಬಳೆ, ಬೆನ್ನಿನ ಇಂಜೆಕ್ಷನ್

ನಮಸ್ಕಾರ ಎಲ್ಲರಿಗೂ. ಈಗ ಬುಧವಾರ ರಾತ್ರಿ ಹತ್ತೂ ಮುಕ್ಕಾಲು. ಮೈಸೂರು ಕುವೆಂಪುನಗರದಲ್ಲಿ ಅಮ್ಮನ ಮನೆಯ ಹಿಂದಿನ ರೂಮಿನಲ್ಲಿ ಕೂತು ಮಾತಾಡುತ್ತಿದ್ದೇನೆ. ಫ್ಯಾನ್ ಆಫ್ ಮಾಡಿದ್ದೇನೆ, ಇಲ್ಲದಿದ್ದರೆ ಅದರ ಸದ್ದೇ ಕೇಳಿಸುತ್ತದೆ. ನಾಳೆ ಬೆಳಗ್ಗೆ ಒಂಬತ್ತೂವರೆಗೆ ನನಗೆ ಸಿಸೇರಿಯನ್. ನೀವು ನೋಡುತ್ತಿರುವುದು ಈ ನಾಲ್ಕು ದಿನದ ವಿಡಿಯೊ. ಹೇಗೂ ನಿದ್ದೆ ಬರುತ್ತಿಲ್ಲ, ವಾಯ್ಸ್ ಓವರ್ ಇವತ್ತೇ ಮುಗಿಸಿಬಿಡೋಣ ಅಂತ ಕೂತೆ.

ಇದು ಭಾನುವಾರ. ಮಂಚದ ಮೇಲೆ ಹರಡಿರುವುದೆಲ್ಲ ಆಸ್ಪತ್ರೆ ಬ್ಯಾಗಿಗೆ. ಒಂದೊಂದನ್ನೂ ಹೇಳುವುದಿಲ್ಲ, ಕಾಣಿಸುತ್ತಿದೆ ಅಲ್ವಾ. ಎರಡು ಮಾತ್ರ ಹೇಳುತ್ತೇನೆ. ಒಂದು, ತಾಯಿ ಕಾರ್ಡ್. ಅದರ ಜೊತೆ ಎಲ್ಲ ಸ್ಕ್ಯಾನ್ ರಿಪೋರ್ಟ್ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ. ಇನ್ನೊಂದು, ಸೊಂಟಕ್ಕೆ ಕಟ್ಟುವ ನೈಟ್ ಪ್ಯಾಂಟು ಬೇಡ. ಹೊಲಿಗೆ ಬರುವುದು ಅದೇ ಸಾಲಿನಲ್ಲಿ, ಕೆಳಹೊಟ್ಟೆಗೆ ಅಡ್ಡಡ್ಡ. ಮುಂದೆ ಗುಂಡಿ ಇರುವ ಸಡಿಲ ನೈಟಿಯೇ ಸರಿ.

ಪಾಪುವಿಗೆ ಹೊಸದು ಏನೂ ತಂದಿಲ್ಲ. ಹುಟ್ಟುವ ಮುಂಚೆ ತರಬಾರದು ಅಂತ ನಮ್ಮಲ್ಲಿ ಇದೆ. ಆದರೆ ಅಪ್ಪನ ಹಳೇ ಪಂಚೆ ಒಗೆದು, ಬಿಸಿಲಿಗೆ ಹಾಕಿ, ಹರಿದು ಅಮ್ಮ ಹದಿನಾರು ತುಂಡು ಮಾಡಿದ್ದಾರೆ. ಮುಟ್ಟಿ ನೋಡಿದೆ, ಎಷ್ಟು ಮೆತ್ತಗಿದೆ ಅಂದರೆ, ಯಾವ ಅಂಗಡಿಯ ಬಟ್ಟೆಯೂ ಹಾಗಿರುವುದಿಲ್ಲ. ಕುಲಾವಿ ಅತ್ತಿಗೆಯ ಮಗನದು.

ಯಾಕೆ ಸಿಸೇರಿಯನ್, ನಾರ್ಮಲ್‌ಗೆ ಪ್ರಯತ್ನ ಮಾಡಲಿಲ್ಲವಾ ಅಂತ ಬಂದವರೆಲ್ಲ ಕೇಳಿದರು. ನಮ್ಮ ಪಾಪು ಹೊಟ್ಟೆಯಲ್ಲಿ ಕೂತಿದೆ. ತಲೆ ಮೇಲೆ, ಕುಂಡೆ ಕೆಳಗೆ. ಬ್ರೀಚ್ ಅನ್ನುತ್ತಾರೆ. ದಿನ ತುಂಬಿದ ಮೇಲೂ ಹೀಗೇ ಇರುವ ಮಕ್ಕಳು ನೂರಕ್ಕೆ ಮೂರೋ ನಾಲ್ಕೋ. 37ನೇ ವಾರದಲ್ಲಿ ಡಾಕ್ಟರು ಹೊಟ್ಟೆಯ ಮೇಲಿಂದಲೇ ಎರಡೂ ಕೈಯಲ್ಲಿ ಒತ್ತಿ ತಿರುಗಿಸಲು ನೋಡಿದರು. ಸುಮಾರು ಅರ್ಧ ಜನಕ್ಕೆ ತಿರುಗುತ್ತದಂತೆ. ನನಗೆ ತಿರುಗಲಿಲ್ಲ. ನೋವಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಮಾಡಿಸಿದ್ದಕ್ಕೆ ಬೇಜಾರಿಲ್ಲ.

ಜನ ಅನುಮಾನ ಪಡುವುದು ತಪ್ಪಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ನೂರಕ್ಕೆ 21.5 ಹೆರಿಗೆ ಸಿಸೇರಿಯನ್. ಖಾಸಗಿ ಆಸ್ಪತ್ರೆಯಲ್ಲಿ ಮಾತ್ರ ನೋಡಿದರೆ 47.4. ಹತ್ತಿರ ಹತ್ತಿರ ಅರ್ಧ! ನನಗೂ ಅನುಮಾನ ಬಂತು. ರಿಪೋರ್ಟ್ ತೆಗೆದುಕೊಂಡು ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ ಕೇಳಿದೆ. ಅವರೂ ಅದನ್ನೇ ಹೇಳಿದರು. ಆಮೇಲೆ ಮನಸ್ಸು ಒಪ್ಪಿತು. ನಿಮಗೂ ಅನುಮಾನ ಇದ್ದರೆ ಕೇಳಿ. ಯಾರಿಗೋ ಬೇಜಾರಾಗುತ್ತದೆ ಅಂತ ಸುಮ್ನೆ ಇರಬೇಡಿ.

ಸರಿ, ಅಡುಗೆಮನೆ. ಅಮ್ಮ ತುಪ್ಪದಲ್ಲಿ ಅಂಟು ಹುರಿಯುತ್ತಿದ್ದಾರೆ. ಬಾಣಂತನಕ್ಕೆ ಅಂಟಿನ ಉಂಡೆ. ಆ ಸಣ್ಣ ಅಂಟು ಹೇಗೆ ಅರಳುತ್ತದೆ ನೋಡಿ. ಕೊಬ್ಬರಿ, ಬೆಲ್ಲ, ಉತ್ತುತ್ತೆ, ಗಸಗಸೆ. ಘಮ ಬಂದರೂ ನನಗೆ ಈಗ ಕೊಡುವುದಿಲ್ಲ. ಇಲ್ಲಿ ನಮ್ಮಿಬ್ಬರಿಗೂ ಸ್ವಲ್ಪ ಮಾತಾಯಿತು. ಬಾಣಂತಿ ಜಾಸ್ತಿ ನೀರು ಕುಡಿಯಬಾರದು, ಮಂಚ ಇಳಿಯಬಾರದು ಅಂತ ಅಮ್ಮ. ಡಾಕ್ಟರು ಹೇಳಿದ್ದು ನೇರ ಉಲ್ಟಾ. ಬಾಯಾರಿದಷ್ಟೂ ಕುಡಿಯಬೇಕು, ಒಂದು ದಿನದೊಳಗೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಮಲಗೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಇದನ್ನು ನಾನು ಹೇಳಿದರೆ ಅಮ್ಮ ಕೇಳಲಿಲ್ಲ. ಮಂಗಳವಾರ ಡಾಕ್ಟರ ಎದುರೇ ಕೂರಿಸಿದೆ, ಒಪ್ಪಿದರು. ಮೆಣಸಿನ ಸಾರಿನ ವಿಷಯದಲ್ಲಿ ನಾನು ಒಪ್ಪಿದೆ. ನನಗೆ ಅದು ಇಷ್ಟವೇ.

ಈಗ ಬಳೆ. ಇದನ್ನು ಪೂರ್ತಿ ಹೇಳುತ್ತೇನೆ, ಯಾಕೆಂದರೆ ನಾಲ್ಕು ದಿನದಲ್ಲಿ ನಾನು ಅತ್ತಿದ್ದು ಇದಕ್ಕೇ.

ಸೀಮಂತದಲ್ಲಿ ಹಸಿರು ಗಾಜಿನ ಬಳೆ ತೊಡಿಸಿದ್ದರು. ಎರಡೂ ಕೈ ಸೇರಿ ಇಪ್ಪತ್ತೊಂದು. ಏಳನೇ ತಿಂಗಳಲ್ಲಿ ಎರಡೂಕಾಲು ಅಳತೆ ಸರಾಗವಾಗಿ ಹೋಗಿತ್ತು. ಆಮೇಲೆ ಕೈಕಾಲು ಊದಿಕೊಂಡವು. ಬಿ.ಪಿ. ನೋಡಿಸಿದೆ, ಸರಿಯಾಗಿದೆ, ಬರೀ ಊತ ಅಂದರು. ಆಸ್ಪತ್ರೆಯಿಂದ ಸಿಸ್ಟರ್ ಫೋನ್ ಮಾಡಿ ಏನೇನು ತೆಗೆದು ಬರಬೇಕು ಅಂತ ಹೇಳಿದರು. ಬಳೆ, ಉಂಗುರ, ಕಾಲುಂಗುರ, ಓಲೆ, ಸರ. ಉಗುರಿನ ಬಣ್ಣ ಕೂಡ, ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್ ಹಾಕುತ್ತಾರೆ, ಬಣ್ಣ ಇದ್ದರೆ ಅದು ಸರಿಯಾಗಿ ತೋರಿಸದೆ ಇರಬಹುದು. ಲೋಹ ಮೈಮೇಲೆ ಇರಬಾರದು, ಆಪರೇಷನ್ನಿನಲ್ಲಿ ಕರೆಂಟಿನ ಉಪಕರಣ ಬಳಸುತ್ತಾರೆ. ಗಾಜಿನ ಬಳೆ ಯಾಕೆ ಅಂದೆ. ಡ್ರಿಪ್ ಸೂಜಿ ಹಾಕುವುದು ಮುಂಗೈಗೆ, ಬಳೆ ಒಡೆದರೆ ನಿಮಗೂ ಚುಚ್ಚುತ್ತದೆ, ಪಾಪುವಿಗೂ ಚುಚ್ಚುತ್ತದೆ ಅಂದರು. ಸರಿಯಾದ ಮಾತು.

ಸೋಮವಾರ ಬೆಳಗ್ಗೆ ತೆಗೆಯಲು ಕೂತೆ. ಸೋಪು ಹಚ್ಚಿದೆ, ಎಡಗೈದು ಒಂಬತ್ತು ಬಂದವು. ಕೊಬ್ಬರಿ ಎಣ್ಣೆ ಹಚ್ಚಿದೆ, ಬಲಗೈದು ಏಳು ಬಂದವು. ಉಳಿದ ಐದು ಗೆಣ್ಣಿನ ಹತ್ತಿರ ಬಂದು ನಿಂತವು. ತಣ್ಣೀರಿನಲ್ಲಿ ಕೈ ಇಟ್ಟೆ, ಕೈ ಮೇಲೆತ್ತಿ ಹತ್ತು ನಿಮಿಷ ಕೂತೆ. ಎಳೆದೂ ಎಳೆದೂ ಕೈ ಕೆಂಪಗಾಯಿತು. ಒಡೆದುಬಿಡೋಣ ಅಂದೆ. ಆ ಮಾತು ಕೇಳಿ ಅಮ್ಮನ ಮುಖ ನೋಡಬೇಕಿತ್ತು. ಬಳೆ ಒಡೆಯಿತು ಅಂತಲೂ ಅಮ್ಮ ಅನ್ನುವುದಿಲ್ಲ, ಹೆಚ್ಚಿತು ಅನ್ನುತ್ತಾರೆ. “ಬಸುರಿ ಕೈಯಲ್ಲಿ ಹಸಿರು ಬಳೆ ಒಡೀತಾರಾ ಪುಟ್ಟಿ? ಗುರುವಾರ ಆಪರೇಷನ್ ಇಟ್ಟುಕೊಂಡು?” ಅಂದರು. ನಾನು ಇಂಥದ್ದನ್ನು ನಂಬುವವಳಲ್ಲ. ಆದರೆ ಆ ಹೊತ್ತಿನಲ್ಲಿ ಕೈಗೆ ಕಲ್ಲು ತೆಗೆದುಕೊಳ್ಳಲು ನನಗೂ ಆಗಲಿಲ್ಲ. ಅಲ್ಲೇ ಬೇಸಿನ್ ಮುಂದೆ ನಿಂತು ಅತ್ತುಬಿಟ್ಟೆ. ಒಂಬತ್ತು ತಿಂಗಳಿಂದ ಧೈರ್ಯವಾಗಿದ್ದೆ, ಐದು ಗಾಜಿನ ಬಳೆಗೆ ಅತ್ತೆ. ಅಳು ಬಳೆಗಲ್ಲ ಅಂತ ಅಮ್ಮನಿಗೆ ಗೊತ್ತಾಯಿತು. ಏನೂ ಮಾತಾಡಲಿಲ್ಲ, ಸೀರೆ ಸೆರಗಿನಲ್ಲಿ ನನ್ನ ಕೈಯ ಎಣ್ಣೆ ಒರೆಸಿದರು. ಆಟೋ ಕರೆದರು.

ಇದು ದೇವರಾಜ ಮಾರುಕಟ್ಟೆ ಹತ್ತಿರ. ವಯಸ್ಸಾದ ಬಳೆಗಾರ್ತಿ, ಮುಖ ತೋರಿಸಬೇಡಿ ಅಂದರು, ಅದಕ್ಕೆ ಕೈ ಮಾತ್ರ ಕಾಣಿಸುತ್ತಿದೆ. ತೆಳುವಾದ ಪ್ಲಾಸ್ಟಿಕ್ ಕವರ್ ನನ್ನ ಕೈಗೆ ಹಾಕಿದರು. ಅದರ ಮೇಲೆ ಸೋಪಿನ ನೀರು. ಆಮೇಲೆ ಹೆಬ್ಬೆರಳನ್ನು ಅಂಗೈ ಒಳಗೆ ಮಡಚಿಸಿ, ಗೆಣ್ಣುಗಳನ್ನು ಮೆಲ್ಲಗೆ ಒತ್ತಿದರು. “ನೀನೇ ಬಿಗಿ ಹಿಡ್ಕೊಂಡಿದ್ದೀಯ ಕಣವ್ವ. ಕೈ ನಂಗೆ ಕೊಡು. ಸಡಿಲ ಬಿಡು” ಅಂದರು. ಬಿಟ್ಟೆ. ನೋಡಿ, ಒಂದು, ಎರಡು, ಮೂರು. ಐದೂ ಬಂದವು. ಎರಡು ನಿಮಿಷವೂ ಆಗಲಿಲ್ಲ, ಒಂದೂ ಒಡೆಯಲಿಲ್ಲ. ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಮಗು ಎತ್ತಿಕೊಂಡು ಬಾ, ಆಗ ಬೇರೆ ತೊಡಿಸುತ್ತೇನೆ, ಆಗ ಕೊಡು ಅಂದರು. ಖಂಡಿತ ಹೋಗುತ್ತೇನೆ.

ಉಂಗುರಕ್ಕೆ ದಾರ ಸುತ್ತಿ ತೆಗೆದೆವು. ಅದು ಮನೆಯಲ್ಲೇ ಆಯಿತು.

ಮುಂದೆ, ಮಂಗಳವಾರದ ಆಸ್ಪತ್ರೆ. ಒಳಗೆ ಶೂಟ್ ಮಾಡಲು ಬಿಡಲಿಲ್ಲ, ಅದಕ್ಕೆ ಬರೀ ಗೇಟು. ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಪ್ಯಾಕೇಜ್ ತೊಂಬತ್ತು ಸಾವಿರ ಅಂದಿದ್ದರು. ಪಾಪುವಿನ ಖರ್ಚು ಅದರಲ್ಲಿ ಇಲ್ಲ ಅಂತ ಮಂಗಳವಾರ ಗೊತ್ತಾಯಿತು. ಮಕ್ಕಳ ಡಾಕ್ಟರು ಬರುವುದು, ರಕ್ತ ಪರೀಕ್ಷೆ, ಎಲ್ಲ ಬೇರೆ. ಮೊದಲೇ ಹೇಳಬೇಕಿತ್ತು, ಇದು ಸರಿಯಲ್ಲ. ನೀವು ಎಸ್ಟಿಮೇಟ್ ಬರೆಸಿಕೊಳ್ಳುವಾಗ ಮಗುವಿನದು ಸೇರಿದೆಯಾ ಅಂತ ಬಾಯಿಬಿಟ್ಟು ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ 2011ರಿಂದ ಜನನಿ ಶಿಶು ಸುರಕ್ಷಾ ಯೋಜನೆ ಇದೆ. ಸಿಸೇರಿಯನ್ ಕೂಡ ಉಚಿತ, ಔಷಧಿ, ರಕ್ತ, ಏಳು ದಿನದವರೆಗೆ ಊಟ ಸೇರಿ. ಅತ್ತಿಗೆಗೆ ಅಲ್ಲೇ ಆಯಿತು, ಚೆನ್ನಾಗಿ ನೋಡಿಕೊಂಡರು. ಆಗ ನಾನೇ ಬೇಡ ಅಂದಿದ್ದೆ. ಈಗ ಹಾಗೆ ಹೇಳುವುದಿಲ್ಲ.

ಅಲ್ಲಿ ಅರಿವಳಿಕೆ ಡಾಕ್ಟರನ್ನು ಭೇಟಿ ಮಾಡಿದೆ. ನಾಲ್ಕು ದಿನದಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾಗಿದ್ದು ಆ ಇಪ್ಪತ್ತು ನಿಮಿಷ. ಮನೆಗೆ ಬಂದವರೆಲ್ಲ ಹೆದರಬೇಡ, ಹೆದರಬೇಡ ಅಂದರು. ಯಾವುದಕ್ಕೆ ಹೆದರಿಕೆ ಅಂತ ಯಾರೂ ಕೇಳಿರಲಿಲ್ಲ. ಈ ಮೇಡಂ ಕೇಳಿದರು. ಬೆನ್ನಿಗೆ ಹಾಕುವ ಸೂಜಿಗೆ ಅಂದೆ. ಆ ಸೂಜಿಯಿಂದ ಜೀವನಪೂರ್ತಿ ಸೊಂಟ ನೋವು ಬರುತ್ತದೆ ಅಂತ ಬೀದಿಯವರೆಲ್ಲ ಹೇಳಿದ್ದರು. ಮೇಡಂ ಬೆನ್ನಿನ ಚಿತ್ರ ಬರೆದು ತೋರಿಸಿದರು. ಬೆನ್ನುಹುರಿ ಮೇಲೆಯೇ ಮುಗಿಯುತ್ತದೆ, ಸೂಜಿ ಹೋಗುವುದು ಅದರ ಕೆಳಗೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಹೆರಿಗೆಯಾದ ಮೇಲೆ ಸೊಂಟ ನೋವು ನಾರ್ಮಲ್ ಆದವರಿಗೂ ಬರುತ್ತದೆ, ಬಗ್ಗಿ ಬಗ್ಗಿ ಮಗು ಎತ್ತುವುದರಿಂದ ಅಂದರು.

ಆಮೇಲೆ ನಾಳೆ ಏನೇನು ಆಗುತ್ತದೆ ಅಂತ ಸಾಲಾಗಿ ಹೇಳಿದರು. ಮೊದಲು ಕೈಗೆ ಡ್ರಿಪ್. ಕೂರಿಸಿ ಬೆನ್ನಿಗೆ ಇಂಜೆಕ್ಷನ್. ಕಾಲು ಬೆಚ್ಚಗಾಗಿ, ಭಾರವಾಗಿ, ಆಮೇಲೆ ಎತ್ತಲು ಆಗುವುದಿಲ್ಲ. ತಣ್ಣಗಿನ ಹತ್ತಿ ಮುಟ್ಟಿಸಿ ಮರಗಟ್ಟಿದೆಯಾ ನೋಡುತ್ತಾರೆ, ಅದಾದ ಮೇಲೇ ಶುರು. ಎಚ್ಚರ ಇರುತ್ತೇನೆ. ನೋವು ಗೊತ್ತಾಗುವುದಿಲ್ಲ, ಆದರೆ ಎಳೆಯುವುದು, ಒತ್ತುವುದು ಗೊತ್ತಾಗುತ್ತದೆ. ಬಿ.ಪಿ. ಇಳಿದರೆ ವಾಕರಿಕೆ ಬರುತ್ತದೆ, ತಕ್ಷಣ ಹೇಳಬೇಕು, ಔಷಧಿ ಕೊಡುತ್ತಾರೆ. ಮೈ ನಡುಗಬಹುದು, ಅದು ಹೆದರಿಕೆಯಿಂದಲೇ ಅಲ್ಲ. ಶುರುವಾಗಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಮಗು ಹೊರಗೆ. ಜಾಸ್ತಿ ಹೊತ್ತು ಹಿಡಿಯುವುದು ಹೊಲಿಗೆಗೆ. ಎಲ್ಲ ಸೇರಿ ಮುಕ್ಕಾಲು ಗಂಟೆ, ಒಂದು ಗಂಟೆ.

ನಮ್ಮವರನ್ನು ಒಳಗೆ ಬಿಡುವುದಿಲ್ಲ. ಕೇಳಿದೆ, ಎರಡು ಸಲ ಕೇಳಿದೆ. ಇದಕ್ಕೆ ನನಗೆ ಇನ್ನೂ ಸಿಟ್ಟಿದೆ. ಆದರೆ ಮೇಡಂ ತಲೆಯ ಹತ್ತಿರವೇ ನಿಂತಿರುತ್ತೇನೆ, ಏನು ನಡೆಯುತ್ತಿದೆ ಅಂತ ಹೇಳುತ್ತಾ ಇರುತ್ತೇನೆ ಅಂದರು. ಮಗುವನ್ನು ಬೇಗ ಎದೆಯ ಮೇಲೆ ಇಡಿ ಅಂತಲೂ ಕೇಳಿಕೊಂಡೆ. ಮಗು ಚೆನ್ನಾಗಿದ್ದರೆ ಅಲ್ಲೇ ಇಡುತ್ತೇವೆ ಅಂದರು. ಜೇನುತುಪ್ಪ ನೆಕ್ಕಿಸುವುದು ಬೇಡ, ಮೊದಲ ಹಳದಿ ಹಾಲೇ ಕೊಡಬೇಕು ಅಂತ ಅಮ್ಮನಿಗೂ ಅತ್ತೆಗೂ ಹೇಳಿ ಆಗಿದೆ.

ಇಲ್ಲಿ ಮಂಚದ ತುದಿಯಲ್ಲಿ ದಿಂಬು ತಬ್ಬಿಕೊಂಡು ಕೂತಿದ್ದೇನಲ್ಲ, ಅದು ಇಂಜೆಕ್ಷನ್ನಿಗೆ ಕೂರುವ ಅಭ್ಯಾಸ. ಗದ್ದ ಎದೆಗೆ, ಬೆನ್ನು ಹೊರಗೆ ಬಾಗಬೇಕು, ಭುಜ ಇಳಿಬಿಡಬೇಕು, ಅಲುಗಾಡಬಾರದು. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಹಿಂದಿನಿಂದ ನಮ್ಮವರು ಬೆರಳಿನಿಂದ ಬೆನ್ನು ಮುಟ್ಟುತ್ತಾರೆ. ಮೊದಲ ಸಲ ಬೆಚ್ಚಿಬಿದ್ದೆ, ನೋಡಿ. ಹತ್ತನೇ ಸಲ ಅಲುಗಾಡಲಿಲ್ಲ. ಭುಜ ಬಿಗಿಯಾದಾಗೆಲ್ಲ ಆ ಬಳೆಗಾರ್ತಿಯ ಮಾತು ನೆನಪಾಗುತ್ತದೆ. ಕೈ ನಂಗೆ ಕೊಡು, ಸಡಿಲ ಬಿಡು.

ಮುಹೂರ್ತದ ವಿಷಯ ಹೇಳಲೇ ಇಲ್ಲ ಅಲ್ವಾ. ಕಳೆದ ವಾರ ಒಳ್ಳೇ ನಕ್ಷತ್ರ ಇದೆ, ಅವತ್ತೇ ಮಾಡಿಸೋಣ ಅಂತ ಅತ್ತೆ ಕೇಳಿದ್ದರು. ಆಗ 38 ವಾರ. ಡಾಕ್ಟರು ಒಪ್ಪಲಿಲ್ಲ. ಅವಸರ ಇಲ್ಲದ ಸಿಸೇರಿಯನ್ 39 ವಾರ ತುಂಬಿದ ಮೇಲೇ, ಅದಕ್ಕೆ ಮುಂಚೆ ತೆಗೆದರೆ ಮಗುವಿಗೆ ಉಸಿರಾಟದ ತೊಂದರೆ ಜಾಸ್ತಿ. ನಕ್ಷತ್ರಕ್ಕೋಸ್ಕರ ಮಗುವಿನ ಉಸಿರು ಪಣಕ್ಕಿಡುವುದು ತಪ್ಪು. ಅತ್ತೆಗೂ ಇದನ್ನೇ ಹೇಳಿದೆ. ನಾಳೆ ಗುರುವಾರ, ಆರರಿಂದ ಏಳೂವರೆ ಯಮಗಂಡಕಾಲ. ಆರರೊಳಗೆ ಹೊಸ್ತಿಲು ದಾಟಿ ಅಂದರು. ಮೊದಲು ಬೇಡ ಅಂದೆ. ಆಮೇಲೆ ಯೋಚನೆ ಮಾಡಿದೆ, ಆಸ್ಪತ್ರೆಗೆ ಆರೂವರೆಗೆ ಹೋಗಲೇಬೇಕು. ಐದೂ ಮುಕ್ಕಾಲಿಗೆ ಹೊರಟರೆ ಅವರಿಗೂ ನೆಮ್ಮದಿ. ಹೊರಡುತ್ತೇವೆ.

ಇದು ಇವತ್ತು ಸಂಜೆ, ಕುಕ್ಕರಹಳ್ಳಿ ಕೆರೆ. ಹೆಜ್ಜಾರ್ಲೆಗಳು. ಆ ದೊಡ್ಡ ಹಕ್ಕಿ ನೀರಿಗೆ ಇಳಿಯುವುದನ್ನು ಎಷ್ಟು ಹೊತ್ತು ನೋಡಿದರೂ ಸಾಲದು. ಹೆಚ್ಚು ನಡೆಯಲಿಲ್ಲ, ಬೆಂಚಿನ ಮೇಲೆ ಕೂತಿದ್ದೆವು. ನಾವಿಬ್ಬರೇ ಹೀಗೆ ಕೂರುವುದು ಇವತ್ತೇ ಕೊನೆ ಅಂತ ನಮ್ಮವರು ಅಂದರು. ನಾನು ಅವರ ಕೈ ಹಿಡಿದುಕೊಂಡೆ.

ಆಗಲೇ ಹನ್ನೊಂದೂವರೆ. ಹನ್ನೆರಡರ ಮೇಲೆ ಏನೂ ತಿನ್ನುವ ಹಾಗಿಲ್ಲ. ನೀರು ಬೆಳಗ್ಗೆ ಆರರವರೆಗೆ ಗುಟುಕು ಗುಟುಕು ಕುಡಿಯಬಹುದು ಅಂದಿದ್ದಾರೆ. ಪಾಪು ಎದ್ದಿದೆ. ಬಲಗಡೆ ಪಕ್ಕೆಯ ಕೆಳಗೆ ಗಟ್ಟಿಯಾಗಿ ಉಬ್ಬಿದೆ, ಅದು ತಲೆ. ಕೈ ಇಟ್ಟುಕೊಂಡಿದ್ದೇನೆ. ಅಮ್ಮ ಮೊಸರನ್ನ ತಂದು ಬಾಗಿಲಲ್ಲಿ ನಿಂತಿದ್ದಾರೆ. ಬಂದೆ ಅಮ್ಮಾ.