ಪಡಸಾಲೆಗೆ ಎಷ್ಟು ಅಡಿ?

ಕೇಳುಗರಿಗೆಲ್ಲ ನಮಸ್ಕಾರ.

ನಾನು ಕಟ್ಟಡಗಳ ನಕ್ಷೆ ಬರೆಯುವ ಕೆಲಸದವನು. ಬಹಳ ವರ್ಷಗಳ ಹಿಂದೆ ಸಣ್ಣ ಊರೊಂದರ ಕಾಲೇಜಿಗೆ ನಕ್ಷೆ ಮಾಡಿಕೊಟ್ಟಿದ್ದೆ. ತರಗತಿಗಳ ಮುಂದೆ ಉದ್ದಕ್ಕೂ ಹತ್ತು ಅಡಿ ಅಗಲದ ಪಡಸಾಲೆ, ಅದರ ಅಂಚಿಗೆ ಕೂರುವಷ್ಟು ಎತ್ತರದ ಕಟ್ಟೆ. ಸಭೆಯಲ್ಲಿ ಎಸ್ಟಿಮೇಟ್ ಓದುತ್ತಿದ್ದ ಹಿರಿಯರೊಬ್ಬರು ಪಡಸಾಲೆಯ ಮೇಲೆ ಕೆಂಪು ಪೆನ್ಸಿಲ್ ಇಟ್ಟು, "ಇಲ್ಲಿ ಪಾಠ ನಡೆಯುತ್ತದೆಯೇ?" ಎಂದು ಕೇಳಿದರು. ಇಲ್ಲ ಅಂದೆ. "ಹಾಗಾದರೆ ಇಷ್ಟು ಜಾಗ ಯಾಕೆ ಪೋಲು?" ಅಂದರು. ಹತ್ತು ಅಡಿ ಐದೂವರೆ ಆಯಿತು. ಕಟ್ಟೆ ಹೋಯಿತು. ಉಳಿದ ದುಡ್ಡಿಗೆ ಇನ್ನೊಂದು ಕೋಣೆ ಬಂತು, ಎಲ್ಲರಿಗೂ ಸಂತೋಷವಾಯಿತು. ನಾನೂ ಸಹಿ ಹಾಕಿದೆ.

ಆ ಕಟ್ಟಡ ಈಗಲೂ ಇದೆ. ಗಂಟೆ ಬಾರಿಸಿದರೆ ಒಳಗಿಂದ ಬರುವವರೂ ಹೊರಗಿಂದ ಹೋಗುವವರೂ ಹೆಗಲಿಗೆ ಹೆಗಲು ತಿಕ್ಕಿಕೊಂಡೇ ದಾಟಬೇಕು. ಮಳೆಗಾಲದಲ್ಲಿ ಎರಚಲು ನೇರ ಬಾಗಿಲಿಗೆ ಬಡಿಯುತ್ತದೆ. ಅದಕ್ಕೆಂದು ಆಮೇಲೆ ಪಡಸಾಲೆಯ ಉದ್ದಕ್ಕೂ ಅಲ್ಯುಮಿನಿಯಂ ಚೌಕಟ್ಟು ನಿಲ್ಲಿಸಿ ಬಣ್ಣದ ಗಾಜು ಹಾಕಿಸಿದರು. ಈಗ ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟ್ ಹಚ್ಚಿ ಪಾಠ ಮಾಡುತ್ತಾರೆ. ಪಾಠ ಮುಗಿದ ಮೇಲೆ ಒಂದು ಪ್ರಶ್ನೆ ಹೊತ್ತುಕೊಂಡು ಮೇಷ್ಟ್ರ ಹಿಂದೆಯೇ ಬರುವ ಹುಡುಗಿಗೆ ಅಲ್ಲಿ ನಿಂತು ಮಾತಾಡಲು ಜಾಗವಿಲ್ಲ. ಹಿಂದಿನವರು ತಳ್ಳುತ್ತಾರೆ, ಅವಳು ಮುಂದೆ ಹೋಗಿಬಿಡುತ್ತಾಳೆ. ಆ ಕೆಂಪು ಗೀಟು ನನ್ನನ್ನು ಇಷ್ಟು ವರ್ಷ ಬಿಟ್ಟಿಲ್ಲ. ಇವತ್ತಿನ ಮಾತೂ ಅದರ ಬಗ್ಗೆಯೇ.

ನಮ್ಮ ನುಡಿಯನ್ನೇ ಸ್ವಲ್ಪ ಕಿವಿಗೊಟ್ಟು ಕೇಳಿ. ಪಡಸಾಲೆ, ಮೊಗಸಾಲೆ. ಎರಡರ ಬಾಲದಲ್ಲೂ ಇರುವುದು ಸಾಲೆ. ಧಾರವಾಡದ ಕಡೆ ಮಕ್ಕಳು ಇವತ್ತಿಗೂ ಹೋಗುವುದು 'ಸಾಲಿ'ಗೆ. ಮನೆಯ ಮುಂಚಾಚಿಗೂ ವಿದ್ಯೆ ಕಲಿಸುವ ಜಾಗಕ್ಕೂ ನಾವು ಒಂದೇ ಪದ ಇಟ್ಟುಕೊಂಡವರು. ಊರೂರಲ್ಲಿ ಕೂಲಿಮಠಗಳಿದ್ದ ಕಾಲದಲ್ಲಿ ಅಯ್ಯನವರು ಮಕ್ಕಳನ್ನು ಸಾಲಾಗಿ ಕೂರಿಸಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದದ್ದು ಗುಡಿಯ ಮೊಗಸಾಲೆಯಲ್ಲಿ, ಇಲ್ಲವೇ ಯಾರದೋ ಮನೆಯ ಜಗಲಿಯ ಮೇಲೆ.

ಇನ್ನೂ ಹಿಂದಕ್ಕೆ ಹೋದರೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿ ಸಿಗುತ್ತದೆ. ಊರಿನ ಹೆಸರಿನಲ್ಲೇ ಶಾಲೆ ಕೂತಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನ ಅಲ್ಲಿನದು. ರಾಜನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆ, ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು, ಅವರ ವಾಸಕ್ಕೆ 27 ಮನೆಗಳು. ಇಂದಿನ ಮಾತಿನಲ್ಲಿ ಹೇಳುವುದಾದರೆ ಹಾಸ್ಟೆಲ್ ಸಮೇತ ಕ್ಯಾಂಪಸ್. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಗಲಲ್ಲಿರುವ ನಾಗಾವಿಯ ಘಟಿಕಾಸ್ಥಾನದಲ್ಲಿ ವೇದ ಓದುವ 200 ವಿದ್ಯಾರ್ಥಿಗಳ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ವೃತ್ತಿ ಗೊತ್ತುಮಾಡಿದ್ದರು ಎಂದು 1058ರ ಶಾಸನ ಹೇಳುತ್ತದೆ. ಆರು ಜನ ಲೈಬ್ರರಿಯನ್ನರು! ಇವತ್ತು ಎಷ್ಟು ಕಾಲೇಜುಗಳಲ್ಲಿ ಒಬ್ಬರಾದರೂ ಕಾಯಂ ಆಗಿದ್ದಾರೆ? ಆ ವಿದ್ಯಾಕೇಂದ್ರದ ನೆನಪಿಗೆ ಅಲ್ಲಿ ಅರವತ್ತು ಕಂಬದ ಗುಡಿ ನಿಂತಿದೆ. ಕಂಬ ಕಂಬದ ನಡುವಿನ ಜಾಗಕ್ಕೆ ನಮ್ಮ ಬಡಗಿಗಳು, ಕಲ್ಲುಕುಟಿಗರು ಅಂಕಣ ಅನ್ನುತ್ತಿದ್ದರು. ಮನೆಯನ್ನು ಇಷ್ಟು ಅಂಕಣದ ಮನೆ ಎಂದು ಲೆಕ್ಕ ಹಾಕುತ್ತಿದ್ದರೇ ಹೊರತು ಇಷ್ಟು ಕೋಣೆ ಎಂದಲ್ಲ. ಕಂಬದ ನಡುವಿನ ಬಯಲಿಗೆ ಬೆಲೆ ಇದ್ದ ಲೆಕ್ಕ ಅದು.

ತರೀಕೆರೆಯ ಹತ್ತಿರ ಅಮೃತಾಪುರಕ್ಕೆ ಹೋದವರು ಅಮೃತೇಶ್ವರನ ತೆರೆದ ಮಂಟಪದಲ್ಲಿ ಕೂತಿರುತ್ತೀರಿ. 1196ರ ಕಟ್ಟಡ. ಮಂಟಪದ ಅಂಚಿಗೆ ಸುತ್ತಲೂ ಕಲ್ಲಿನ ಆಸನ, ಬೆನ್ನು ಆನಿಸಲು ಹೊರಕ್ಕೆ ತುಸು ವಾಲಿದ ಕಲ್ಲು. ಕಕ್ಷಾಸನ ಅಂತ ಅದರ ಹೆಸರು. ಬೆನ್ನು ಇಟ್ಟು ನೋಡಿ, ಆ ವಾಟ ಎಷ್ಟು ಸರಿಯಾಗಿದೆ ಅಂತ ಬೆನ್ನಿಗೇ ತಿಳಿಯುತ್ತದೆ. ಜನ ಬಂದರೆ ಕೂರುತ್ತಾರೆ, ಕೂತರೆ ಮಾತಾಡುತ್ತಾರೆ, ಅದಕ್ಕೆ ತಕ್ಕ ಜಾಗ ಬೇಕು ಎಂದು ಆ ಶಿಲ್ಪಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಮ್ಮ ಕಾಲದಲ್ಲಿ ಇದನ್ನು ಮತ್ತೆ ಕಂಡುಕೊಂಡ ಕಟ್ಟಡ ಬೆಂಗಳೂರಿನಲ್ಲೇ ಇದೆ. ಬನ್ನೇರುಘಟ್ಟ ರಸ್ತೆಯ ಐಐಎಂ, ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆ. ಸಂಸ್ಥೆ ಶುರುವಾದದ್ದು 1973ರಲ್ಲಿ. ನಾಲ್ಕು ವರ್ಷ ಕಳೆದು ಅದಕ್ಕೆ ಸಿಕ್ಕ ನೂರು ಎಕರೆಯಲ್ಲಿ ವಿನ್ಯಾಸದ ಕೆಲಸ ಕೈಗೆತ್ತಿಕೊಂಡವರು ಬಾಲಕೃಷ್ಣ ದೋಶಿ. 1927ರಲ್ಲಿ ಪುಣೆಯಲ್ಲಿ ಹುಟ್ಟಿದವರು. ಪ್ಯಾರಿಸ್‌ನಲ್ಲಿ ಹೆಸರಾಂತ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಕೈಕೆಳಗೆ ಪಳಗಿ, ಆಮೇಲೆ ಅಹಮದಾಬಾದಿನ ಐಐಎಂ ಕಟ್ಟುವಾಗ ಅಮೆರಿಕದ ಲೂಯಿ ಕಾನ್ ಅವರ ಜೊತೆ ದುಡಿದವರು. 2018ರಲ್ಲಿ ವಾಸ್ತುಶಿಲ್ಪಕ್ಕೆ ಕೊಡುವ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದರು. ಆ ಗೌರವ ಪಡೆದ ಮೊದಲ ಭಾರತೀಯ. 2023ರ ಜನವರಿಯಲ್ಲಿ ತೀರಿಕೊಂಡರು.

ಅಹಮದಾಬಾದಿನ ಕಟ್ಟಡ ಇಟ್ಟಿಗೆಯದು. ಅಲ್ಲಿಯ ಬಿಸಿಲಿಗೆ ದಪ್ಪ ಗೋಡೆ, ದೊಡ್ಡ ದುಂಡು ಕಂಡಿಗಳು, ಆಳವಾದ ನೆರಳು. ಬೆಂಗಳೂರಿಗೆ ಬಂದಾಗ ದೋಶಿ ಅದನ್ನೇ ಎತ್ತಿ ಇಲ್ಲಿ ನೆಡಲಿಲ್ಲ. ಇಲ್ಲಿ ವರ್ಷದ ಬಹುಪಾಲು ಹೊರಗೆ ಕೂರಬಹುದು, ಗಿಡ ನೆಟ್ಟರೆ ಬರುತ್ತದೆ, ಕಾಲ ಕೆಳಗೇ ಕಲ್ಲಿದೆ. ಫತೇಪುರ್ ಸಿಕ್ರಿಯ ಅಂಗಳಗಳು, ಅವುಗಳನ್ನು ಬೆಸೆಯುವ ಕಂಬಸಾಲುಗಳು ಅವರ ಮನಸ್ಸಿನಲ್ಲಿದ್ದವು. ಅವುಗಳಿಗೆ ಬೆಂಗಳೂರಿನ ತೋಟವನ್ನೂ ನಮ್ಮ ಬೂದುಬಣ್ಣದ ಗ್ರಾನೈಟನ್ನೂ ಸೇರಿಸಿದರು.

ನಾನು ಮೊದಲ ಸಲ ಒಳಗೆ ಹೋದಾಗ ಎಂದಿನ ಅಭ್ಯಾಸದಂತೆ ಕಟ್ಟಡದ ಮುಖ ಹುಡುಕಿದೆ. ಮುಖವೇ ಸಿಗಲಿಲ್ಲ. ಸಿಕ್ಕಿದ್ದು ಒಂದು ದಾರಿ. ಎರಡೂ ಬದಿಗೆ ಸೈಜುಗಲ್ಲಿನ ಗೋಡೆ. ನಮ್ಮ ಊರುಗಳಲ್ಲಿ ಪಾಯಕ್ಕೆ ಹಾಕಿ ಮಣ್ಣು ಮುಚ್ಚಿಬಿಡುವ ಅದೇ ಒರಟು ಕಲ್ಲು ಇಲ್ಲಿ ಕಣ್ಣೆತ್ತರಕ್ಕೆ ಬಂದು ನಿಂತಿದೆ. ಉಳಿಯ ಪೆಟ್ಟು ಬಿದ್ದ ಕಡೆ ಬೆಳಕು ಚೂರು ಚೂರಾಗಿ ಕೂರುತ್ತದೆ. ಕೈಯಾಡಿಸಿದೆ, ನೆರಳಿನ ಬದಿಯ ಕಲ್ಲು ಹನ್ನೊಂದು ಗಂಟೆಗೂ ತಣ್ಣಗಿತ್ತು. ತಲೆಯ ಮೇಲೆ ಸ್ವಲ್ಪ ದೂರ ಸೂರು, ಆಮೇಲೆ ಬರೀ ಕಾಂಕ್ರೀಟ್ ತೊಲೆಗಳ ಜಂತಿ, ಅದರ ಮೇಲೆ ಹಬ್ಬಿದ ಬಳ್ಳಿ, ಆಮೇಲೆ ಏನೂ ಇಲ್ಲ, ಆಕಾಶ. ಜಂತಿಯ ನೆರಳು ನೆಲದ ಮೇಲೆ ಪಟ್ಟೆ ಪಟ್ಟೆಯಾಗಿ ಬಿದ್ದಿತ್ತು. ಊಟ ಮುಗಿಸಿ ಅದೇ ದಾರಿಯಲ್ಲಿ ಬಂದಾಗ ಆ ಪಟ್ಟೆಗಳು ನೆಲ ಬಿಟ್ಟು ಗೋಡೆ ಹತ್ತಿದ್ದವು.

ಈ ಪಡಸಾಲೆಗಳು ಒಂದು ಕಡೆ ಒಂದಂತಸ್ತಿನ ಎತ್ತರ, ಇನ್ನೊಂದು ಕಡೆ ಎರಡು, ಮತ್ತೊಂದು ಕಡೆ ಮೂರಂತಸ್ತಿನ ಎತ್ತರ. ನಡೆಯುತ್ತ ನಡೆಯುತ್ತ ದಾರಿ ಅಗಲವಾಗಿ ಒಂದು ಅಂಗಳಕ್ಕೆ ಬಾಯಿ ತೆರೆಯುತ್ತದೆ, ಮತ್ತೆ ಕಿರಿದಾಗುತ್ತದೆ. ತಿರುವಿನಲ್ಲಿ ನಾಲ್ಕು ಮೆಟ್ಟಿಲು, ಮೆಟ್ಟಿಲ ಪಕ್ಕ ಕೂರುವ ಕಲ್ಲು. ತರಗತಿಯಿಂದ ತರಗತಿಗೆ ಹೋಗುವವರು ಇದನ್ನು ತಪ್ಪಿಸಿಕೊಂಡು ಹೋಗಲಾರರು. ಬೇರೆ ವಿಭಾಗದ ಮೇಷ್ಟ್ರು, ಹಾಸ್ಟೆಲಿನ ಗೆಳೆಯ, ಗ್ರಂಥಾಲಯದಿಂದ ಬರುವವಳು, ಎಲ್ಲರೂ ಎದುರಾಗಲೇಬೇಕು. ಅವತ್ತು ನಾನು ಕಂಡದ್ದು ಹೇಳುತ್ತೇನೆ. ಒಬ್ಬ ಪ್ರಾಧ್ಯಾಪಕರು ಕಂಬಕ್ಕೆ ಒರಗಿ ನಿಂತಿದ್ದರು, ಮೂವರು ವಿದ್ಯಾರ್ಥಿಗಳು ಕಟ್ಟೆಯ ಮೇಲಿದ್ದರು, ಒಬ್ಬ ಹುಡುಗ ಕಾಗದವನ್ನು ತೊಡೆಯ ಮೇಲಿಟ್ಟು ಏನನ್ನೋ ಗೀಚಿ ತೋರಿಸುತ್ತಿದ್ದ. ನಾನು ಅಂಗಳ ಸುತ್ತಿ ಅರ್ಧ ಗಂಟೆ ಬಿಟ್ಟು ಬಂದರೂ ಅವರು ಅಲ್ಲೇ ಇದ್ದರು. "ಇಲ್ಲಿ ಪಾಠ ನಡೆಯುತ್ತದೆಯೇ" ಅನ್ನುವ ಪ್ರಶ್ನೆಗೆ ನಾನು ಕೊಡಬೇಕಿದ್ದ ಉತ್ತರ ಆ ಕಟ್ಟೆಯ ಮೇಲೆ ಕೂತಿತ್ತು.

ಪಡಸಾಲೆಗೆ ಇನ್ನೊಂದು ಕೆಲಸವಿದೆ. ಅದು ಬಿಸಿಲಿನ ಲೆಕ್ಕ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಇಳಿದು, ನೆಲದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತಾನೆ. ದಕ್ಷಿಣಕ್ಕೆ ಎಂಟು ಅಡಿಯ ಪಡಸಾಲೆ ಇಟ್ಟು ಅದರ ಸೂರು ಹತ್ತು ಅಡಿಯ ಮೇಲಿದ್ದರೆ, ಆ ಡಿಸೆಂಬರ್ ಮಧ್ಯಾಹ್ನದ ಬಿಸಿಲೂ ತರಗತಿಯ ಗೋಡೆ ಮುಟ್ಟುವ ಮೊದಲೇ ನೆಲಕ್ಕೆ ಬೀಳುತ್ತದೆ. ಕಿಟಕಿ ಎಷ್ಟು ದೊಡ್ಡದಿಟ್ಟರೂ ಬೆಳಕು ಬರುತ್ತದೆ, ಝಳ ಬರುವುದಿಲ್ಲ. ಪಶ್ಚಿಮದ ಇಳಿಬಿಸಿಲಿಗೆ ಮಾತ್ರ ಈ ಉಪಾಯ ಸಾಲದು, ಅಲ್ಲಿ ಜಾಲಂಧ್ರ, ಅಂದರೆ ತೂತು ತೂತಿನ ಜಾಲರಿ ಗೋಡೆ ಬೇಕು, ಇಲ್ಲವೇ ಮರ ಬೇಕು. ಇದಕ್ಕೆ ಕರೆಂಟು ಬೇಡ, ರಿಪೇರಿ ಬೇಡ. ನನ್ನ ಐದೂವರೆ ಅಡಿ ಸೋತದ್ದು ಇಲ್ಲೂ ಹೌದು.

ಈ ಲೆಕ್ಕವನ್ನು ಚೆನ್ನಾಗಿ ಅರಿತಿದ್ದ ಒಬ್ಬ ಪರದೇಶಿ ನಮ್ಮಲ್ಲಿ ಒಂಬತ್ತು ವರ್ಷ ಇದ್ದರು. ಆಟೊ ಕೋನಿಗ್ಸ್‌ಬರ್ಗರ್, ಬರ್ಲಿನ್‌ನಲ್ಲಿ ಹುಟ್ಟಿದ ಯಹೂದಿ, ಹಿಟ್ಲರನ ಆಳ್ವಿಕೆಯಿಂದ ತಪ್ಪಿಸಿಕೊಂಡು ಬಂದವರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಈಗಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಮಾನ ತಂತ್ರಜ್ಞಾನ ವಿಭಾಗ, ಲೋಹಶಾಸ್ತ್ರ ವಿಭಾಗ, ಊಟದ ಮನೆ ಅವರು ಮಾಡಿದವು. ಗುಮ್ಮಟ, ಗೋಪುರ ಏನಿಲ್ಲ. ಉದ್ದನೆಯ ಛಜ್ಜ, ಗಾಳಿಗೆ ಎದುರಾಗಿ ನಿಂತ ಕಿಟಕಿ, ನೆರಳು. ಮುಂದೆ ಲಂಡನ್ನಿಗೆ ಹೋಗಿ ಉಷ್ಣವಲಯದ ವಾಸ್ತುಶಿಲ್ಪವನ್ನು ಒಂದು ವಿಷಯವನ್ನಾಗಿಯೇ ಕಲಿಸಿದರು. ಜಗತ್ತಿಗೆ ಕಲಿಸಿದ ಆ ಪಾಠದ ಒಂದು ಪಾಲನ್ನು ಅವರು ಕಲಿತದ್ದು ಇಲ್ಲಿಯ ಬಿಸಿಲಿನಲ್ಲಿ, ಇಲ್ಲಿಯ ಮಳೆಯಲ್ಲಿ. ನಮಗೆ ಅವರ ಹೆಸರೇ ಮರೆತಿದೆ ಅನ್ನುವುದು ನನಗೆ ನೋವಿನ ಸಂಗತಿ.

ಕಾಲೇಜುಗಳ ಮಾತಾಯಿತು. ರಂಗಮಂದಿರಗಳೂ ಇದೇ ದಾರಿಯವು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ ತೆರೆದದ್ದು 1963ರಲ್ಲಿ. ಸಭಾಂಗಣದಲ್ಲಿ ಎಷ್ಟು ನಾಟಕ ನಡೆದಿವೆಯೋ ಅಷ್ಟೇ ನಾಟಕಗಳು ಅದರ ಮೆಟ್ಟಿಲ ಮೇಲೆ, ಕ್ಯಾಂಟೀನಿನ ಸುತ್ತ, ಮರದ ಕೆಳಗೆ ಹುಟ್ಟಿವೆ. ಎಪ್ಪತ್ತರ ದಶಕದ ಆರಂಭದಲ್ಲಿ ಬಿ.ವಿ. ಕಾರಂತರು ನಾಟಕವನ್ನು ಒಳಗಿನ ಚೌಕಟ್ಟಿನಿಂದ ಹೊರತೆಗೆದು ಕಲಾಕ್ಷೇತ್ರದ ಹಿಂದಿನ ಬಯಲಿಗೆ ತಂದರು. ನಕ್ಷೆಯಲ್ಲಿ ಯಾವ ಬೆಲೆಯೂ ಇಲ್ಲದಿದ್ದ ಹಿತ್ತಿಲು ಕನ್ನಡ ರಂಗಭೂಮಿಯ ದಿಕ್ಕನ್ನೇ ಬದಲಿಸಿತು. ಇವತ್ತು ಅಲ್ಲಿ ಸಂಸ ಬಯಲು ರಂಗಮಂದಿರವಿದೆ. ಅದೇ ಕಾರಂತರು ಮುಂದೆ ಭೋಪಾಲಿನ ಕಲಾಕೇಂದ್ರ ಭಾರತ ಭವನದಲ್ಲಿ ರಂಗಮಂಡಲ ಎಂಬ ನಾಟಕ ತಂಡ ಕಟ್ಟಲು ಹೋದರು. 1982ರಲ್ಲಿ ತೆರೆದ ಆ ಕಟ್ಟಡ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯ ಅವರದು. ಕೆರೆಯ ಏರು ದಂಡೆಯ ಮೇಲೆ ಅದನ್ನು ನೆಲದೊಳಕ್ಕೆ ಇಳಿಸಿದ್ದಾರೆ. ಹೋದವರಿಗೆ ಮೊದಲು ಕಾಣುವುದು ಮಾಳಿಗೆ, ಮೆಟ್ಟಿಲು, ತಗ್ಗಿನ ಅಂಗಳ, ಆಚೆ ನೀರು. ಕಾರಂತರಿಗೆ ಅದು ಹೊಸದೆನಿಸಿರಲಾರದು ಎಂದು ನನ್ನ ಊಹೆ. ಬಯಲಿನ ರುಚಿ ಅವರಿಗೆ ಕಲಾಕ್ಷೇತ್ರದ ಹಿಂದೆಯೇ ಹತ್ತಿತ್ತು.

ಮೆಟ್ಟಿಲನ್ನು ಇಷ್ಟು ಹೊಗಳಿದ ಮೇಲೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಗಾಲಿಕುರ್ಚಿಯಲ್ಲಿ ಬರುವವರಿಗೆ ನಾಲ್ಕು ಮೆಟ್ಟಿಲೂ ಒಂದು ಗೋಡೆಯೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಸಾರ್ವಜನಿಕ ಕಟ್ಟಡಕ್ಕೆ ಎಲ್ಲರೂ ಬರುವಂತಿರಬೇಕು ಅನ್ನುವುದು ಕಾನೂನು. ಇಳಿಜಾರು ಒಂದಕ್ಕೆ ಹನ್ನೆರಡು ಇರಬೇಕು. ಎರಡಡಿ ಎತ್ತರದ ಜಗಲಿಗೆ ಇಪ್ಪತ್ತನಾಲ್ಕು ಅಡಿ ಉದ್ದದ ರ‍್ಯಾಂಪ್ ಬೇಕು. ನಾವು ಏನು ಮಾಡುತ್ತೇವೆ? ಮುಂಬಾಗಿಲಿಗೆ ಭರ್ಜರಿ ಮೆಟ್ಟಿಲಿಟ್ಟು, ಜನರೇಟರ್ ಪಕ್ಕದಲ್ಲಿ, ಹಿಂದುಗಡೆ, ಕಡಿದಾದ ಒಂದು ರ‍್ಯಾಂಪ್ ಅಂಟಿಸುತ್ತೇವೆ. ಜಗಲಿಯನ್ನೇ ಆರಿಂಚಿಗೆ ಇಳಿಸಿದರೆ ಆರಡಿಯ ಇಳಿಜಾರು ಸಾಕು, ಎಲ್ಲರೂ ಮುಂದಿನಿಂದಲೇ ಬರಬಹುದು. ಆದರೆ ಮಳೆನೀರು ಆಚೆ ಹೋಗುವಂತೆ ಅಂಗಳದ ವಾಟವನ್ನು ಮೊದಲೇ ನೋಡಿಕೊಂಡಿರಬೇಕು. ಸ್ವಲ್ಪ ತಲೆಕೆಡಿಸಿಕೊಳ್ಳುವ ಕೆಲಸ, ಅಷ್ಟೇ.

ದೂಳು, ಎರಚಲು, ಪಾರಿವಾಳ, ಕಾವಲು, ತೆರೆದ ಜಾಗಕ್ಕೆ ಈ ತಾಪತ್ರಯಗಳೆಲ್ಲ ಇವೆ. ಗುಡಿಸುವವರಿಗೆ ಸಂಬಳ ಇಡಬೇಕು. ಅದನ್ನು ಎಸ್ಟಿಮೇಟಿನಲ್ಲಿ ಬರೆಯದೆ ಪಡಸಾಲೆ ಕಟ್ಟುವವರದೂ ತಪ್ಪೇ.

ಈಗ ಆ ಹಳೆಯ ಕಾಲೇಜಿನವರೇ ನನ್ನನ್ನು ಮತ್ತೆ ಕರೆದಿದ್ದಾರೆ. ಗ್ರಂಥಾಲಯಕ್ಕೆ ಹೊಸ ಕಟ್ಟಡ ಬೇಕಂತೆ. ನಕ್ಷೆ ನನ್ನ ಮೇಜಿನ ಮೇಲಿದೆ. ಉತ್ತರಕ್ಕೆ ಹತ್ತು ಅಡಿಯ ಪಡಸಾಲೆ, ಉದ್ದ ಅರವತ್ತು ಅಡಿ, ಅಂಚಿಗೆ ಹದಿನೆಂಟು ಇಂಚು ಎತ್ತರದ ಕಟ್ಟೆ. ಒಬ್ಬರಿಗೆ ಎರಡಡಿ ಜಾಗ ಎಂದು ಕಟ್ಟೆಯನ್ನು ಅಳೆದೆ. ಈ ಸಲ ಅದರ ಮೇಲೆ ಪಡಸಾಲೆ ಅಂತ ಬರೆದಿಲ್ಲ. "ಓದುವ ಜಾಗ, 30 ಆಸನ" ಎಂದು ಬರೆದು, ಗ್ರಂಥಾಲಯದ ಒಟ್ಟು ಆಸನಗಳ ಲೆಕ್ಕಕ್ಕೆ ಸೇರಿಸಿದ್ದೇನೆ. ಅದನ್ನು ಕಡಿದರೆ ಮೂವತ್ತು ವಿದ್ಯಾರ್ಥಿಗಳ ಜಾಗ ಕಡಿದಂತೆ ಎಂದು ಕಾಗದದಲ್ಲೇ ಕಾಣುತ್ತದೆ. ಸಭೆ ಬರುವ ಗುರುವಾರ.

ನಮಸ್ಕಾರ.