ಫೈರ್ ಸ್ಟೇಷನ್ ನೋಡೋಕೆ ಜನ ಬರುವ ಊರು

ನಮಸ್ಕಾರ. ಅಮೆರಿಕದ ಮಿಡ್‌ವೆಸ್ಟ್ ಅಂದ ಕೂಡಲೇ ನಮ್ಮವರು ಹೇಳುವ ಮಾತು ಒಂದೇ. "ಶಿಕಾಗೋ ಬಿಟ್ಟರೆ ಅಲ್ಲೇನಿದೆ? ಬರೀ ಜೋಳದ ಹೊಲ." ನಾನು ಇದನ್ನು ಒಪ್ಪುವುದಿಲ್ಲ. ಯಾಕೆ ಅಂತ ಹೇಳೋಕೆ ಇವತ್ತು ಒಂದೇ ಒಂದು ಊರು ಸಾಕು. ಇಂಡಿಯಾನಾ ರಾಜ್ಯದ ಕೊಲಂಬಸ್. ಓಹಾಯೋದ ದೊಡ್ಡ ಕೊಲಂಬಸ್ ಅಲ್ಲ. ಇಲ್ಲಿರುವುದು ಸುಮಾರು 50 ಸಾವಿರ ಜನ.

ಊರಿನ ಅದೃಷ್ಟ ತಿರುಗಿದ್ದು ಒಬ್ಬ ಡ್ರೈವರ್‌ನಿಂದ. ಕ್ಲೆಸಿ ಕಮಿನ್ಸ್ ಅಲ್ಲಿನ ಬ್ಯಾಂಕರ್ ಡಬ್ಲ್ಯು. ಜಿ. ಇರ್ವಿನ್ ಅವರ ಕಾರು ಓಡಿಸುತ್ತಿದ್ದರು, ರಿಪೇರಿಯನ್ನೂ ನೋಡಿಕೊಳ್ಳುತ್ತಿದ್ದರು. 1919ರಲ್ಲಿ ಧಣಿಯ ದುಡ್ಡು, ಡ್ರೈವರ್‌ನ ತಲೆ ಸೇರಿ ಎಂಜಿನ್ ಕಂಪನಿ ಶುರುವಾಯಿತು. ವರ್ಷಗಟ್ಟಲೆ ನಷ್ಟ. 1929ರ ಕ್ರಿಸ್‌ಮಸ್ ದಿನ ಕಮಿನ್ಸ್ ಒಂದು ಪ್ಯಾಕರ್ಡ್ ಕಾರಿಗೆ ಡೀಸೆಲ್ ಎಂಜಿನ್ ಕೂರಿಸಿ ಇರ್ವಿನ್ ಅವರನ್ನು ಸುತ್ತಾಡಿಸಿದರು. ಧಣಿ ಮತ್ತೆ ದುಡ್ಡು ಹಾಕಿದರು. ಮೊದಲ ಲಾಭ ಕಂಡದ್ದು 1937ರಲ್ಲಿ! ಆ ಕಂಪನಿಯೇ ಇವತ್ತಿನ ಕಮಿನ್ಸ್. 1962ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಪುಣೆಗೂ ಬಂತು. ಭಾರತದ ಎಷ್ಟೋ ಎಂಜಿನಿಯರ್‌ಗಳು ಈ ಪುಟ್ಟ ಊರಿಗೆ ಹೋಗಿ ನೆಲೆಸಿದ್ದಕ್ಕೂ ಇದೇ ಕಾರಣ.

ಆದರೆ ನನಗೆ ಮುಖ್ಯ ಅನ್ನಿಸುವುದು ಆಮೇಲಿನ ಕಥೆ. ಯುದ್ಧ ಮುಗಿದ ಮೇಲೆ ಊರಲ್ಲಿ ಮಕ್ಕಳು ಜಾಸ್ತಿಯಾದರು, ಶಾಲೆಗಳು ಸಾಲದಾದವು. ಆಗ ಕಂಪನಿ ನಡೆಸುತ್ತಿದ್ದವರು ಅದೇ ಮನೆತನದ ಜೆ. ಇರ್ವಿನ್ ಮಿಲ್ಲರ್. 1950ರ ದಶಕದಲ್ಲಿ ಅವರು ಊರಿನ ಮುಂದೆ ಒಂದು ಮಾತು ಇಟ್ಟರು. ನಾವು ಕೊಡುವ ಪಟ್ಟಿಯಿಂದ ಒಳ್ಳೆಯ ಆರ್ಕಿಟೆಕ್ಟ್ ಒಬ್ಬರನ್ನು ಆರಿಸಿಕೊಳ್ಳಿ, ಅವರ ಫೀಸು ನಮ್ಮ ಫೌಂಡೇಷನ್ ಕೊಡುತ್ತದೆ. ಕಟ್ಟುವ ಖರ್ಚು ಮಾತ್ರ ನಿಮ್ಮದು.

ಇದರಲ್ಲೇ ಗುಟ್ಟಿದೆ, ಅಲ್ವಾ? ಪಟ್ಟಿ ಮೇಲಿನಿಂದ ಬಂತು, ನಿಜ. ಆದರೆ ಆಯ್ಕೆ ಊರಿನದು, ತೆರಿಗೆ ದುಡ್ಡೂ ಊರಿನದು. ಪುಕ್ಕಟೆ ಸಿಕ್ಕಿದ್ದಲ್ಲ. ಹಾಗಾಗಿ ಜನ ಅದನ್ನು ತಮ್ಮದು ಅಂದುಕೊಂಡರು. ಮೊದಲು ಶಾಲೆ ಬಂತು, ಆಮೇಲೆ ಫೈರ್ ಸ್ಟೇಷನ್. ದಿನಾ ಬೇಕಾಗುವ ಕಟ್ಟಡಗಳೇ ಚೆಂದ ಇರಬೇಕು ಅನ್ನುವ ಹಟ ನನಗೆ ತುಂಬಾ ಇಷ್ಟ.

ರಾಬರ್ಟ್ ವೆಂಚುರಿ ಮಾಡಿದ ನಾಲ್ಕನೇ ನಂಬರಿನ ಫೈರ್ ಸ್ಟೇಷನ್ ನೋಡಿ. 1968ರದು. ಎದುರಿಗೆ ಬಿಳಿ ಇಟ್ಟಿಗೆಯ ಗೋಡೆ, ನಡುವೆ ಒಂದು ಗೋಪುರ, ಅದರ ಮೇಲೆ ರಸ್ತೆಯಿಂದಲೇ ಕಾಣುವಷ್ಟು ದೊಡ್ಡ "4". ಗೋಪುರ ಶೋಕಿಗೆ ಕಟ್ಟಿದ್ದಲ್ಲ. ಬೆಂಕಿ ಆರಿಸಿ ಬಂದ ಮೇಲೆ ಒದ್ದೆ ಪೈಪುಗಳನ್ನು ಅದರೊಳಗೆ ನೇತುಹಾಕಿ ಒಣಗಿಸಬೇಕು. ಬೆಂಗಳೂರಿನಲ್ಲಿ ಯಾವುದಾದರೂ ಫೈರ್ ಸ್ಟೇಷನ್ ಮುಂದೆ ನಾವು ಸುಮ್ನೆ ನಿಂತು ನೋಡಿದ್ದೇವಾ?

ಐದನೇ ಬೀದಿಯ ಗ್ರಂಥಾಲಯ ಐ. ಎಂ. ಪೇ ಅವರದು, 1969ರದು. ಅದರ ಅಂಗಳದಲ್ಲಿ ಹೆನ್ರಿ ಮೂರ್ ಮಾಡಿದ ಕಂಚಿನ ದೊಡ್ಡ ಕಮಾನು. ದೂರ ನಿಂತು ನೋಡುವ ಶಿಲ್ಪ ಅಲ್ಲ, ಪುಸ್ತಕ ಹಿಡಿದುಕೊಂಡು ಅದರ ಕೆಳಗೇ ನಡೆದು ಹೋಗಬಹುದು. ರಸ್ತೆಯಾಚೆ ಎಲಿಯೆಲ್ ಸಾರಿನೆನ್ ಕಟ್ಟಿದ ಚರ್ಚು, 1942ರದು. ಅವರ ಮಗ ಈರೋ 1954ರಲ್ಲಿ ಇದೇ ಊರಿಗೆ ಗಾಜಿನ ಗೋಡೆಯ ಬ್ಯಾಂಕ್ ಕಟ್ಟಿದರು. ಕಂಬಿ ಹಾಕಿದ ಕೌಂಟರೇ ಇಲ್ಲದ ಬ್ಯಾಂಕ್!

ಹಾಗಂತ ಎಲ್ಲವೂ ಹೂವಿನ ಹಾಸಿಗೆ ಅಲ್ಲ. ಆ ಬ್ಯಾಂಕ್ 2009ರಲ್ಲಿ ಮುಳುಗಿತು. ಕಟ್ಟಡ ಉಳಿಯಿತು, ಈಗ ಸಭೆಗಳಿಗೆ ಬಳಕೆಯಾಗುತ್ತಿದೆ. ಈರೋ ಅವರ ಇನ್ನೊಂದು ಕೆಲಸ ನಾರ್ತ್ ಕ್ರಿಶ್ಚಿಯನ್ ಚರ್ಚ್. ಆರು ಮೂಲೆಯ ಛಾವಣಿ, ಅದರ ಮೇಲೆ ಸೂಜಿಯಂಥ ಶಿಖರ. 1964ರಲ್ಲಿ ಅದು ಮುಗಿಯುವ ಹೊತ್ತಿಗೆ ಅವರು ತೀರಿಹೋಗಿದ್ದರು. ಬರಬರುತ್ತಾ ಚರ್ಚಿಗೆ ಬರುವವರು ಕಡಿಮೆಯಾಗಿ 2022ರಲ್ಲಿ ಪ್ರಾರ್ಥನೆ ನಿಂತೇ ಹೋಯಿತು. ಬೇರೆ ಊರಾಗಿದ್ದರೆ ಬುಲ್ಡೋಜರ್ ಬರುತ್ತಿತ್ತೇನೋ. ಇಲ್ಲಿ ಊರಿನ ಗ್ರಂಥಾಲಯವೇ ಅದನ್ನು ವಹಿಸಿಕೊಂಡಿತು. ಈ ಸುದ್ದಿ ಓದಿದ ದಿನ ನನಗೆ ನಿಜಕ್ಕೂ ಸಮಾಧಾನ ಆಯಿತು.

ಇಂಡಿಯಾನಾಪೊಲಿಸ್‌ನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋದಾಗ ಒಂದು ದಿನ ಇದಕ್ಕೆ ಅಂತ ಇಟ್ಟುಕೊಳ್ಳಿ. ಕಾರಿನಲ್ಲಿ ದಕ್ಷಿಣಕ್ಕೆ ಒಂದು ಗಂಟೆ ದಾರಿ. ಕಾರು ನಿಲ್ಲಿಸಿ, ನಡೆಯಿರಿ. ಕಾಲು ಸೋತರೆ ವಾಷಿಂಗ್ಟನ್ ಬೀದಿಯಲ್ಲಿ ಜಹಾರಾಕೋಸ್ ಇದೆ. ಗ್ರೀಸ್‌ನಿಂದ ಬಂದ ಅಣ್ಣತಮ್ಮಂದಿರು 1900ರಲ್ಲಿ ತೆರೆದ ಐಸ್‌ಕ್ರೀಮ್ ಅಂಗಡಿ. ಅಲ್ಲಿ ತಾನಾಗಿಯೇ ನುಡಿಯುವ ಹಳೇ ಆರ್ಗನ್ ಒಂದಿದೆ. ಅದು ಶುರುವಾದರೆ ಒಂದು ಹಾಡು ಮುಗಿಯುವವರೆಗಾದರೂ ಏಳಬೇಡಿ.