ಹಾಡು ಕಣ್ಣಿಗೆ ಹೆಂಗ ಕಾಣಬೇಕು? ಸಂಗೀತದ ಚಿತ್ರ ತಗದವರ ಕತಿ

(ಸ್ಕ್ರೀನ್ ಮ್ಯಾಲೆ ತೋಡಿ ರಾಗಿಣಿ ಚಿತ್ರ, ಹಿಂದ ಬರೇ ತಂಬೂರಿ)

ನಮಸ್ಕಾರ್ರಿ ಎಲ್ಲಾರಿಗೂ, ಧಾರವಾಡದಿಂದ. ಈ ಚಿತ್ರ ನೋಡ್ರಿ, ಅಡವ್ಯಾಗ ಒಬ್ಬಾಕಿ ನಿಂತಾಳ, ಎರಡು ಬುರುಡಿ ವೀಣಿ ಹಿಡಕೊಂಡಾಳ, ಸುತ್ತ ಜಿಂಕಿ ಬಂದ್ ನಿಂತಾವ. ಇದು ತೋಡಿ. ನಮ್ಮೂರ ಮಂದಿಗೆ ತೋಡಿ ಅಂದ್ರ ಮುಂಜಾನಿ ಬೈಠಕ್, ಆದ್ರ ರಾಗಮಾಲಾ ಚಿತ್ರ ತಗಿಯೋರು ಒಂದೊಂದು ರಾಗಕ್ಕೂ ಒಂದೊಂದು ರೂಪಾನೇ ಕೊಟ್ಟಬಿಟ್ಟಿದ್ರು, ಆರು ರಾಗ, ಒಂದೊಂದಕ್ಕ ಐದೈದು ರಾಗಿಣಿ, ಅಂದ್ರ ಆ ರಾಗದ ಹೆಂಡ್ತೇರು, ಹಿಂಗ 36 ಹಾಳಿ ಸೇರಿದ್ರ ಒಂದು ಸೆಟ್.

ಈಗ ಆಕಿನ್ನ ಬಿಡ್ರಿ, ಜಿಂಕಿ ನೋಡ್ರಿ. (ಝೂಮ್) ಕುತ್ತಿಗಿ ಎತ್ತಿ ಆಕಿ ಕಡೆನೇ ಮಾರಿ ಮಾಡಿ ನಿಂತಾವಲ್ಲ, ಅಲ್ಲೇ ಐತಿ ಹಾಡು. ದನಿ ಬಣ್ಣದಾಗ ಬರಂಗಿಲ್ಲ, ಅದಕ್ಕ ಚಿತ್ರಕಾರ ಕೇಳೋರನ್ನ ತಗದಾನ. ಇದು ತಿಳದಾಗಿಂದ ಸಂಗೀತದ ಯಾವ ಚಿತ್ರ ನೋಡಿದ್ರೂ ನನ್ನ ಕಣ್ಣ ಮೊದಲ ಹುಡುಕೂದು ಕೇಳೋರನ್ನ. ಅಸಾವರಿ ರಾಗಿಣಿ ಚಿತ್ರದೊಳಗ ಜಿಂಕಿ ಬದಲಿ ಹಾವು.

1760ರ ಸುಮಾರು ರಾಜಸ್ಥಾನದ ಕಿಶನ್‌ಗಢದಾಗ ತಗದ ಒಂದು ಚಿತ್ರ ಐತಿ, ತಾನಸೇನನ ಗುರು ಸ್ವಾಮಿ ಹರಿದಾಸರು ಕುಂತಾರ, ಮುಂದ ತಾನಸೇನ ಕುಂತಾನ, ಅಕ್ಬರ್ ಬಾದಶಹಾ ಮಾತ್ರ ನಿಂತ್ಕೊಂಡು ಕೇಳಾಕತ್ತಾನ! ದಂತಕತಿನೇ ಇರವಲ್ದ್ಯಾಕ, ರಾಜನ್ನ ನಿಂದ್ರಿಸಿ ಹಾಡವರನ್ನ ಕುಂಡ್ರಿಸಿದ ಆ ಕೈಗೆ ನಾ ಶರಣು ಅಂತೀನಿ.

ನಮ್ಮ ವಿಜಾಪುರದಾಗಂತೂ ಬಾದಶಹಾನೇ ವಾದ್ಯ ಹಿಡದಿದ್ದ. ಎರಡನೇ ಇಬ್ರಾಹಿಂ ಆದಿಲ್ ಶಾಹ, 1580ರಿಂದ 1627ರ ತನಕ ಆಳಿದಾಂವ, ತನ್ನ ತಂಬೂರಕ್ಕ ಮೋತಿ ಖಾನ್ ಅಂತ ಹೆಸರಿಟ್ಟಿದ್ದ, ಪದದೊಳಗ ಸರಸ್ವತಿನ್ನ ತಾಯಿ, ಗಣಪತಿನ್ನ ತಂದಿ ಅಂತಿದ್ದ. ಅಂವ ತಂಬೂರ ಬಾರಸೂ ಚಿತ್ರ ಫರುಖ್ ಬೇಗ್ ತಗದದ್ದು, ಅದೀಗ ಪ್ರಾಗ್‌ನ್ಯಾಗ ಐತಿ, ಇಲ್ಲಿಂದ ವಿಜಾಪುರ ಅರ್ಧ ದಿನದ ದಾರಿ, ಚಿತ್ರ ನೋಡಬೇಕಂದ್ರ ಮಾತ್ರ ಸಮುದ್ರ ದಾಟಬೇಕು, ಹೊಟ್ಟಿ ಉರೀತೈತ್ರಿ.

ಇಟಲಿಯ ಕ್ಯಾರವಾಜೊ 1590ರ ದಶಕದಾಗ ಲ್ಯೂಟ್ ಅನ್ನೋ ತಂತಿ ವಾದ್ಯ ಬಾರಸೂ ಹುಡುಗನ ಚಿತ್ರ ತಗದ. (ಝೂಮ್) ಮುಂದಿನ ಪುಸ್ತಕದಾಗಿನ ಸ್ವರ ನೋಡ್ರಿ, ಸುಮ್ನ ಗೀಚಿದ್ದಲ್ಲ, ಓದಾಕ ಬರ್ತಾವ, ಆರ್ಕಡೆಲ್ಟ್ ಅನ್ನೋರ ಹಾಡು, ಇವತ್ತೂ ನೋಡ್ಕೊಂಡು ಬಾರಿಸಬಹುದು. ಅಲ್ಲಿ ಕೇಳೋರು ಯಾರೂ ಇಲ್ಲ, ಹುಡುಗ ನಮ್ಮ ಕಡೆನೇ ನೋಡ್ತಾನ, ಅಂದ್ರ ಕೇಳೋರು ನಾವ.

ಮೈಸೂರು ಜಗನ್ಮೋಹನ ಅರಮನಿಯೊಳಗ ರವಿವರ್ಮರ 1889ರ ಚಿತ್ರ ಐತಿ, 11 ಮಂದಿ ಹೆಣ್ಮಕ್ಕಳು, ವಾದ್ಯ, ಸೀರಿ, ಒಡವಿ, ಕಣ್ಣ ತುಂಬತೈತಿ. ಆದ್ರ ನನಗ ಅದು ಫೋಟೋಕ್ಕ ನಿಂತಂಗ ಅನಸ್ತೈತಿ, ಒಬ್ಬಾಕಿ ಇನ್ನೊಬ್ಬಾಕಿದು ಕೇಳಾಕತ್ತಂಗ ಕಾಣವಲ್ದು.

ನಮ್ಮ ಕಡೆ ಗಾಯಕರ ಫೋಟೋ, ಪೋರ್ಟ್ರೇಟ್ ಗ್ವಾಡಿಗೊಂದ ಅದಾವ, ಎಲ್ಲಾ ಹಾಡೋರ ಮಾರೀನೇ. ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಕಣ್ಣ ಕಾಣದ ಹುಡುಗುರು ಗುರುಗಳ ಮುಂದ ಕುಂತು, ಕಿವಿ ಒಂದ ಕಡೆ ವಾಲಿಸಿ ಸಾ ಹಿಡೀತಾರಲ್ಲ, ಆ ಕಿವಿ ಚಿತ್ರ ಯಾರರೆ ತಗೀರಿ. ತಗದಿದ್ರ ಕಳಸ್ರಿ, ಮುಂದಿನ ವಿಡಿಯೋ ಅದರ ಮ್ಯಾಲೇ ಮಾಡ್ತೀನಿ.